ಕಲ್ಲಿದ್ದಲು ಗಣಿಯಲ್ಲಿ, ಬೆಲೆ ಹಳಿಯ ಮೇಲೆ

2011ರಲ್ಲಿ ರಿಯೊ ಟಿಂಟೊ ಎಂಬ ದೈತ್ಯ ಗಣಿ ಕಂಪನಿ, ಮೊಜಾಂಬಿಕ್‌ನ ಕಲ್ಲಿದ್ದಲಿನ ಆಸೆಗೆ ರಿವರ್ಸ್‌ಡೇಲ್ ಎಂಬ ಆಸ್ಟ್ರೇಲಿಯಾದ ಕಂಪನಿಯನ್ನು ಸುಮಾರು 370 ಕೋಟಿ ಡಾಲರ್ ತೆತ್ತು ಕೊಂಡಿತು. 2014ರಲ್ಲಿ ಮೊಜಾಂಬಿಕ್‌ನ ಆ ಗಣಿ ಆಸ್ತಿಯನ್ನು ಭಾರತದ ಸರ್ಕಾರಿ ಕಂಪನಿಗಳ ಕೂಟವಾದ ಐಸಿವಿಎಲ್‌ಗೆ 5 ಕೋಟಿ ಡಾಲರಿಗೆ ಮಾರಿ ಕೈತೊಳೆದುಕೊಂಡಿತು. ನೂರು ರೂಪಾಯಿಗೆ ತಂದದ್ದನ್ನು ಒಂದೂವರೆ ರೂಪಾಯಿಗೂ ಕಡಿಮೆಗೆ ಕೊಟ್ಟುಬಿಟ್ಟ ವ್ಯಾಪಾರ ಇದು. ನಡುವಿನ ಮೂರು ವರ್ಷದಲ್ಲಿ ನೆಲದೊಳಗಿನ ಕಲ್ಲಿದ್ದಲು ಎಲ್ಲಿಗೂ ಹೋಗಿರಲಿಲ್ಲ. ಹೋಗಲು ದಾರಿಯೇ ಇರಲಿಲ್ಲ ಎನ್ನುವುದೇ ಆ ಕಂಪನಿಯ ಕಷ್ಟವಾಗಿತ್ತು.

ಮೊಜಾಂಬಿಕ್‌ಗೆ ಹಿಂದೂ ಮಹಾಸಾಗರದ ಉದ್ದಕ್ಕೂ ಸುಮಾರು ಎರಡೂವರೆ ಸಾವಿರ ಕಿಲೋಮೀಟರ್ ಕರಾವಳಿ ಇದೆ. ಇಷ್ಟು ಸಮುದ್ರ ಇರುವ ದೇಶಕ್ಕೆ ಮಾಲು ಸಾಗಿಸುವುದು ಕಷ್ಟವೇ ಎನಿಸಬಹುದು. ಆದರೆ ಕಲ್ಲಿದ್ದಲು ಇರುವುದು ಕರಾವಳಿಯಲ್ಲಲ್ಲ. ದೇಶದ ವಾಯವ್ಯ ಮೂಲೆಯಲ್ಲಿ, ಜಾಂಬಿಯಾ, ಮಲಾವಿ, ಜಿಂಬಾಬ್ವೆಗಳ ನಡುವೆ ಬೆಣೆ ಹೊಡೆದಂತೆ ಚಾಚಿಕೊಂಡಿರುವ ಟೆಟೆ ಪ್ರಾಂತ್ಯದಲ್ಲಿ. ಅಲ್ಲಿನ ಮೊವಾಟಿಜೆ ಎಂಬ ಊರಿನ ಸುತ್ತ ಸಿಗುವುದು ಉಕ್ಕಿನ ಕುಲುಮೆಗೆ ಬೇಕಾದ ಕೋಕಿಂಗ್ ಕಲ್ಲಿದ್ದಲು. ನಮ್ಮಲ್ಲಿ ಕಲ್ಲಿದ್ದಲಿಗೆ ಬರವಿಲ್ಲ. ಆದರೆ ಬೂದಿ ಕಡಿಮೆ ಇರುವ ಕೋಕಿಂಗ್ ಜಾತಿಯದ್ದಕ್ಕೆ ಬಹುಕಾಲದ ಬರ. ಅದಕ್ಕಾಗಿ ಭಾರತದ ಉಕ್ಕು ಕಾರ್ಖಾನೆಗಳು ಆಸ್ಟ್ರೇಲಿಯಾದ ಕಡೆ ಮುಖ ಮಾಡಿ ಕೂತಿವೆ. ಮೊಜಾಂಬಿಕ್ ಅದಕ್ಕಿಂತ ಬಹಳ ಹತ್ತಿರ. ಟಾಟಾ, ಜಿಂದಾಲ್, ಸರ್ಕಾರಿ ಕಂಪನಿಗಳೆಲ್ಲ ಟೆಟೆಯ ಬಾಗಿಲು ತಟ್ಟಿದ್ದು ಈ ಕಾರಣಕ್ಕೆ.

ಕಲ್ಲಿದ್ದಲಿನ ವ್ಯಾಪಾರ ಚಿನ್ನದ ವ್ಯಾಪಾರದಂತಲ್ಲ. ಒಂದು ಟನ್ ಚಿನ್ನವನ್ನು ವಿಮಾನದಲ್ಲಿ ಕಳಿಸಿದರೂ ಸಾಗಣೆಯ ಖರ್ಚು ಲೆಕ್ಕಕ್ಕೆ ಬರುವುದಿಲ್ಲ. ಕಲ್ಲಿದ್ದಲಿನ ಒಂದು ಟನ್ನಿಗೆ ಸಿಗುವುದು ನೂರಿನ್ನೂರು ಡಾಲರ್. ಅದರಲ್ಲಿ ಗಣಿಯಿಂದ ಹಡಗಿನವರೆಗಿನ ಕೂಲಿ, ಬಾಡಿಗೆ ಎಲ್ಲ ಕಳೆದು ಉಳಿದದ್ದೇ ಲಾಭ. ವರ್ಷಕ್ಕೆ 1.8 ಕೋಟಿ ಟನ್ ಸಾಗಿಸಬೇಕು ಎಂದಿಟ್ಟುಕೊಳ್ಳಿ. ದಿನಕ್ಕೆ ಸುಮಾರು 49 ಸಾವಿರ ಟನ್ ಆಯಿತು. ಲಾರಿಯಲ್ಲಾದರೆ ದಿನಕ್ಕೆ ಎರಡು ಸಾವಿರ ಲೋಡು: ಹಗಲು ರಾತ್ರಿ ಎನ್ನದೆ ನಿಮಿಷ ತುಂಬುವ ಮೊದಲೇ ಒಂದು ಲಾರಿ ಹೊರಡಬೇಕು, ಅಷ್ಟೇ ಲಾರಿಗಳು ಖಾಲಿ ವಾಪಸಾಗಬೇಕು. ಬಳ್ಳಾರಿ–ಸಂಡೂರಿನ ರಸ್ತೆಗಳನ್ನು ಅದಿರು ಲಾರಿಗಳ ಕಾಲದಲ್ಲಿ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಅದೂ ಐನೂರು ಒಂಬೈನೂರು ಕಿಲೋಮೀಟರ್ ದೂರಕ್ಕೆ. ಆಗದ ಮಾತು.

ರೈಲಿನಲ್ಲಾದರೆ 120 ವ್ಯಾಗನ್ನಿನ ಗಾಡಿಗೆ ಏಳು ಸಾವಿರ ಟನ್ನಿನ ಲೆಕ್ಕ ಹಿಡಿದರೂ ದಿನಕ್ಕೆ ಏಳು ಗಾಡಿ ಸಾಕು. ಸಾಕು ಎನ್ನುವುದು ಸುಲಭ. ಏಳು ತುಂಬಿದ ಗಾಡಿ ಹೋದರೆ ಏಳು ಖಾಲಿ ಗಾಡಿ ಎದುರು ಬರುತ್ತವೆ. ಒಂಟಿ ಹಳಿಯಲ್ಲಿ ಅವು ಒಂದಕ್ಕೊಂದು ದಾರಿ ಬಿಡಲು ಅಲ್ಲಲ್ಲಿ ಪಕ್ಕದ ಹಳಿ ಬೇಕು. ಗಾಡಿ ಒಂದೂವರೆ ಕಿಲೋಮೀಟರ್ ಉದ್ದವಿದ್ದರೆ ಆ ಪಕ್ಕದ ಹಳಿಯೂ ಅದಕ್ಕಿಂತ ಉದ್ದ ಇರಬೇಕು. ಒಂದು ಕಡೆ ಎಂಜಿನ್ ಕೆಟ್ಟರೆ ಹಿಂದಿನವೆಲ್ಲ ನಿಲ್ಲುತ್ತವೆ. ಬಂದರಿನಲ್ಲಿ ಟಿಪ್ಲರ್ ಯಂತ್ರ ವ್ಯಾಗನ್ನನ್ನು ಅಪ್ಪಿ ಹಿಡಿದು ಮಗುಚಿ ಸುರಿಯುತ್ತದೆ. ಅಲ್ಲಿಂದ ಬೆಲ್ಟಿನ ಮೇಲೆ ರಾಶಿಗೆ, ರಾಶಿಯಿಂದ ಹಡಗಿಗೆ. ದೊಡ್ಡ ಕೇಪ್‌ಸೈಜ್ ಹಡಗಿಗೆ ಒಂದೂವರೆ ಲಕ್ಷ ಟನ್ನಿಗೂ ಹೆಚ್ಚು ಬೇಕು, ಅಂದರೆ ಮೂರು ದಿನಕ್ಕೂ ಮಿಕ್ಕಿ ಬಂದ ಅಷ್ಟೂ ರೈಲಿನ ಮಾಲು. ಮಾಲು ಬರುವವರೆಗೆ ಹಡಗು ಕಾದರೆ, ಕಾಯಿಸಿದ್ದಕ್ಕೆ ಡೆಮರೇಜ್ ಎಂಬ ದಂಡ ಕಟ್ಟಬೇಕು. ಹಡಗು ಬರುವವರೆಗೆ ಮಾಲು ಕಾದರೆ ಅಂಗಳದ ರಾಶಿ ತನ್ನಷ್ಟಕ್ಕೆ ಕಾವೇರಿ ಹೊಗೆಯಾಡತೊಡಗುತ್ತದೆ, ನೀರು ಚಿಮುಕಿಸುತ್ತಲೇ ಇರಬೇಕು. ಗಣಿ, ಹಳಿ, ದಕ್ಕೆ ಈ ಮೂರರಲ್ಲಿ ಅತಿ ನಿಧಾನ ಯಾವುದೋ ಇಡೀ ವ್ಯಾಪಾರದ ವೇಗ ಅದೇ.

ರಿಯೊ ಟಿಂಟೊಗೆ ಇದೆಲ್ಲ ಗೊತ್ತಿರಲಿಲ್ಲ ಎಂದರೆ ನಂಬಲಾಗದು. ಅವರು ಹಾಕಿದ್ದ ಲೆಕ್ಕ ಬೇರೆ: ಕಲ್ಲಿದ್ದಲನ್ನು ಚಪ್ಪಟೆ ತಳದ ದೊಡ್ಡ ದೋಣಿಗಳಲ್ಲಿ, ಅಂದರೆ ಬಾರ್ಜ್‌ಗಳಲ್ಲಿ, ಜಾಂಬೆಜಿ ನದಿಯಲ್ಲೇ ಸಮುದ್ರಕ್ಕೆ ತೇಲಿಬಿಡುವುದು. ನದಿ ಗಣಿಯ ಮಗ್ಗುಲಲ್ಲೇ ಹರಿಯುತ್ತದೆ, ಹಳಿಯ ಗೊಡವೆ ಇಲ್ಲ. ಕಾಗದದ ಮೇಲೆ ಬಹಳ ಚೆಂದ. ಆದರೆ ನದಿಯ ಹೂಳೆತ್ತಬೇಕು, ದಡದ ಮೀನುಗಾರರು ಮತ್ತು ರೈತರಿಗೆ ಏನಾದೀತು ನೋಡಬೇಕು. ಮೊಜಾಂಬಿಕ್ ಸರ್ಕಾರ ಅನುಮತಿ ಕೊಡಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದಾಗಿತ್ತು. 2013ರ ಜನವರಿಯಲ್ಲಿ ಕಂಪನಿ ಮೊಜಾಂಬಿಕ್ ಆಸ್ತಿಯ ಮೌಲ್ಯದಲ್ಲಿ ಸುಮಾರು 300 ಕೋಟಿ ಡಾಲರ್ ಕಡಿತಗೊಳಿಸಿತು. ನದಿಯ ದಾರಿ ಸಿಗದ್ದನ್ನೂ, ಎಣಿಸಿದಷ್ಟು ಕೋಕಿಂಗ್ ಕಲ್ಲಿದ್ದಲು ಇಲ್ಲದ್ದನ್ನೂ ಒಪ್ಪಿಕೊಂಡಿತು. ಮುಖ್ಯಸ್ಥ ಟಾಮ್ ಆಲ್ಬನೀಸ್ ಹುದ್ದೆ ಬಿಟ್ಟರು. ಈ ನಷ್ಟವನ್ನು ಷೇರುದಾರರಿಗೆ ಸಕಾಲದಲ್ಲಿ ತಿಳಿಸಲಿಲ್ಲವೆಂದು 2017ರಲ್ಲಿ ಬ್ರಿಟನ್ನಿನ ಹಣಕಾಸು ನಿಯಂತ್ರಕ ಸಂಸ್ಥೆ 2.7 ಕೋಟಿ ಪೌಂಡಿಗೂ ಹೆಚ್ಚು ದಂಡ ಹಾಕಿತು.

ಹಾಗಾದರೆ ಹಳಿಯೇ ಇರಲಿಲ್ಲವೇ? ಇತ್ತು. ಮೊವಾಟಿಜೆಯಿಂದ ಬೈರಾ ಬಂದರಿಗೆ ಸುಮಾರು 575 ಕಿಲೋಮೀಟರಿನ, ‘ಸೇನಾ’ ಎಂಬ ಹೆಸರಿನ ಮಾರ್ಗ. ನಡುವೆ ಜಾಂಬೆಜಿಗೆ ಅಡ್ಡಲಾಗಿ 1930ರ ದಶಕದಲ್ಲಿ ಕಟ್ಟಿದ ಡೋನಾ ಆನಾ ಸೇತುವೆ, ಮೂರೂವರೆ ಕಿಲೋಮೀಟರಿಗೂ ಉದ್ದ. ಪೋರ್ಚುಗೀಸರಿಂದ 1975ರಲ್ಲಿ ಸ್ವಾತಂತ್ರ್ಯ ಸಿಕ್ಕು ಎರಡು ವರ್ಷಕ್ಕೆ ಅಂತರ್ಯುದ್ಧ ಹೊತ್ತಿಕೊಂಡಿತು. ಸರ್ಕಾರದ ಉಸಿರು ಕಟ್ಟಿಸಬೇಕೆಂದರೆ ಹಳಿ ಕೀಳಬೇಕು ಎಂದು ರೆನಾಮೊ ಬಂಡುಕೋರರಿಗೆ ಗೊತ್ತಿತ್ತು. ಸೇತುವೆಯನ್ನು ಸ್ಫೋಟಿಸಿದರು, ಹಳಿಯ ಇಕ್ಕೆಲದಲ್ಲೂ ನೆಲಬಾಂಬುಗಳು ತುಂಬಿದವು, ಹಳಿಯನ್ನು ಪೊದೆ ಮುಚ್ಚಿತು. 1992ರ ಅಕ್ಟೋಬರಿನಲ್ಲಿ ರೋಮ್‌ನಲ್ಲಿ ಶಾಂತಿ ಒಪ್ಪಂದವಾದಾಗ ಆ ಮಾರ್ಗ ನಕ್ಷೆಯಲ್ಲಿ ಮಾತ್ರ ಇತ್ತು.

ಅದನ್ನು ಮತ್ತೆ ಕಟ್ಟುವ ಗುತ್ತಿಗೆ 2004ರಲ್ಲಿ ಸಿಕ್ಕಿದ್ದು ಯಾರಿಗೆ ಗೊತ್ತೇ? ನಮ್ಮವರಿಗೇ. ಭಾರತ ಸರ್ಕಾರದ ರೈಟ್ಸ್ ಮತ್ತು ಇರ್ಕಾನ್ ಸೇರಿ ಮಾಡಿಕೊಂಡ ಕೂಟಕ್ಕೆ, 25 ವರ್ಷದ ಅವಧಿಗೆ, ವಿಶ್ವಬ್ಯಾಂಕಿನ ಸಾಲದ ಬೆಂಬಲದಲ್ಲಿ. ಮೊದಲು ನೆಲಬಾಂಬು ತೆಗೆಯಬೇಕು, ಆಮೇಲೆ ಪೊದೆ, ಆಮೇಲೆ ಹಳಿ. ಕೆಲಸ ತಡವಾಯಿತು, ಗುಣಮಟ್ಟ ಸಾಲದು ಎಂದು ಮೊಜಾಂಬಿಕ್ ಸರ್ಕಾರ ಗುತ್ತಿಗೆಯನ್ನು ರದ್ದು ಮಾಡಿ ಮಾರ್ಗವನ್ನು ತನ್ನ ಸಿಎಫ್‌ಎಂ ರೈಲ್ವೆಗೆ ಒಪ್ಪಿಸಿತು. ವಿದೇಶದಲ್ಲಿ ನಮ್ಮ ಕಂಪನಿಗಳ ಸಾಧನೆಗೆ ಹಾರ ಹಾಕುವಷ್ಟೇ ಉತ್ಸಾಹದಿಂದ ಇಂಥ ಕಥೆಗಳನ್ನೂ ನಾವು ಓದಬೇಕಿತ್ತು. ಓದಲಿಲ್ಲ.

ಅಂತೂ 2011ರಲ್ಲಿ, ಮೊವಾಟಿಜೆಯಲ್ಲೇ ಗಣಿ ತೋಡಿದ್ದ ಬ್ರೆಜಿಲ್‌ನ ವಾಲೆ ಕಂಪನಿಯ ಮೊದಲ ಕಲ್ಲಿದ್ದಲು ಇದೇ ಹಳಿಯ ಮೇಲೆ ಬೈರಾಕ್ಕೆ ಬಂತು. ಬಂದು ನೋಡಿದರೆ ಬಂದರಿನದ್ದು ಇನ್ನೊಂದು ರಗಳೆ. ಬೈರಾ ಇರುವುದು ಪುಂಗ್ವೆ ನದಿಯ ಅಳಿವೆಯಲ್ಲಿ. ನದಿ ವರ್ಷವಿಡೀ ಹೂಳು ತಂದು ಸುರಿಯುತ್ತದೆ. ಎತ್ತಿದಷ್ಟೂ ಮತ್ತೆ ತುಂಬುತ್ತದೆ. ಮಧ್ಯಮ ಗಾತ್ರದ ಹಡಗುಗಳೇ ಉಬ್ಬರಕ್ಕೆ ಕಾದು ಒಳಬರಬೇಕು, ಉಬ್ಬರಕ್ಕೆ ಕಾದು ಹೊರಹೋಗಬೇಕು. ದೊಡ್ಡ ಹಡಗಂತೂ ಒಳಗೆ ಬರುವ ಹಾಗೇ ಇಲ್ಲ. ವಾಲೆ ಕಂಡುಕೊಂಡ ಉಪಾಯ ಇದು: ದಕ್ಕೆಯಲ್ಲಿ ಸಣ್ಣ ಹಡಗಿಗೆ ಕಲ್ಲಿದ್ದಲು ತುಂಬುವುದು, ಅದು ಆಳ ಸಮುದ್ರದಲ್ಲಿ ಲಂಗರು ಹಾಕಿದ ದೊಡ್ಡ ಹಡಗಿನ ಪಕ್ಕಕ್ಕೆ ಹೋಗುವುದು, ಅಲ್ಲಿ ತೇಲುವ ಕ್ರೇನು ಒಂದರಿಂದ ಇನ್ನೊಂದಕ್ಕೆ ಎತ್ತಿ ಹಾಕುವುದು. ಒಂದೇ ಮಾಲನ್ನು ಎರಡು ಸಲ ತುಂಬುವ ಖರ್ಚು. ಗಾಳಿ ಜೋರಾದರೆ ಅದೂ ನಿಂತಿತು. 2013ರ ಆರಂಭದ ಮಳೆಗಾಲದಲ್ಲಿ ನೆರೆಯಿಂದ ಹಳಿ ಕಡಿದು ಸಾಗಣೆ ನಿಂತಿತು. ಅದೇ ವರ್ಷದ ಜೂನಿನಲ್ಲಿ ರೆನಾಮೊ ಮತ್ತೆ ಬೆದರಿಕೆ ಹಾಕಿದ್ದಕ್ಕೆ ಗಾಡಿಗಳು ಕೆಲಕಾಲ ನಿಂತವು. 2019ರ ಮಾರ್ಚಿನಲ್ಲಿ ಇಡಾಯ್ ಚಂಡಮಾರುತ ನೇರವಾಗಿ ಬೈರಾ ನಗರದ ಮೇಲೆಯೇ ಎರಗಿತು.

ಇದನ್ನೆಲ್ಲ ನೋಡಿ ವಾಲೆ ಮಾಡಿದ ತೀರ್ಮಾನ ಸಣ್ಣದಲ್ಲ. ಉತ್ತರಕ್ಕೆ ನಕಾಲಾ ಎಂಬ ಕೊಲ್ಲಿ ಇದೆ, ಸ್ವಾಭಾವಿಕವಾಗಿಯೇ ಆಳ, ಹೂಳೆತ್ತುವ ತಾಪತ್ರಯವಿಲ್ಲ, ಎಷ್ಟು ದೊಡ್ಡ ಹಡಗಾದರೂ ದಡಕ್ಕೆ ತಾಗಿ ನಿಲ್ಲಬಲ್ಲದು. ಆದರೆ ಗಣಿಯಿಂದ ಅಲ್ಲಿಗೆ 912 ಕಿಲೋಮೀಟರ್. ಅದೂ ನಡುವೆ ಮಲಾವಿ ಎಂಬ ಇನ್ನೊಂದು ದೇಶವನ್ನು ಹಾದುಹೋಗಬೇಕು. ಸುಮಾರು 230 ಕಿಲೋಮೀಟರ್ ಹೊಸ ಹಳಿ, ಉಳಿದದ್ದು ಹಳೆಯ ಹಳಿಯ ದುರಸ್ತಿ, ನಕಾಲಾ-ಆ-ವೆಲ್ಯಾದಲ್ಲಿ ಹೊಸ ಕಲ್ಲಿದ್ದಲು ದಕ್ಕೆ. ಖರ್ಚು ಸುಮಾರು 450 ಕೋಟಿ ಡಾಲರ್. ನೀರಿನ ಆಳಕ್ಕಾಗಿ ಮುನ್ನೂರು ಚಿಲ್ಲರೆ ಕಿಲೋಮೀಟರ್ ಹೆಚ್ಚು ಸುತ್ತು, ಒಂದು ಅಂತರರಾಷ್ಟ್ರೀಯ ಗಡಿಯನ್ನು ಎರಡೆರಡು ಸಲ ದಾಟುವುದು! ಮೊದಲು ಓದಿದಾಗ ನನಗೂ ಹುಚ್ಚೆನಿಸಿತ್ತು. ಕೇಪ್‌ಸೈಜ್ ಹಡಗಿನಲ್ಲಿ ಟನ್ನಿಗೆ ಬೀಳುವ ಬಾಡಿಗೆ ಎಷ್ಟು ಕಡಿಮೆ, ಎರಡು ಸಲ ತುಂಬುವ ಖರ್ಚು ಎಷ್ಟು ಉಳಿಯುತ್ತದೆ ಎಂದು ನೋಡಿದರೆ ಹುಚ್ಚಲ್ಲ. ವರ್ಷಕ್ಕೆ 1.8 ಕೋಟಿ ಟನ್ ಹೋಗುವುದಾದರೆ ಮಾತ್ರ.

ಹೋಗಲಿಲ್ಲ. ಹಳಿಯ ಖರ್ಚಿನ ಸ್ವಭಾವವೇ ಹಾಗೆ: ಕಟ್ಟಿದ ಮೇಲೆ ಒಂದು ಗಾಡಿ ಓಡಿದರೂ ಬಡ್ಡಿ ಅಷ್ಟೇ, ಏಳು ಗಾಡಿ ಓಡಿದರೂ ಬಡ್ಡಿ ಅಷ್ಟೇ. 2018ರಲ್ಲಿ ವಾಲೆಯ ಮೊವಾಟಿಜೆ ಉತ್ಪಾದನೆ 1.16 ಕೋಟಿ ಟನ್ ಆಸುಪಾಸು ಇತ್ತು, 2020ರಲ್ಲಿ 60 ಲಕ್ಷ ಟನ್ನೂ ಮುಟ್ಟಲಿಲ್ಲ. 1.8 ಕೋಟಿ ಟನ್ನಿನ ಮೇಲೆ ಹಂಚಿಹೋಗಬೇಕಿದ್ದ ಹೊರೆ ಅದರ ಮೂರನೇ ಒಂದು ಭಾಗದ ಮೇಲೆ ಬಿದ್ದರೆ ಪ್ರತಿ ಟನ್ನಿನ ತಲೆಗೆ ಮೂರು ಪಟ್ಟು. ಇನ್ನೊಂದು ಕಡೆ ಪೇಟೆಯ ಆಟ. ಕ್ವೀನ್ಸ್‌ಲೆಂಡಿನ ನೆರೆಯ ನಂತರ 2011ರಲ್ಲಿ ಟನ್ನಿಗೆ 330 ಡಾಲರ್ ಮುಟ್ಟಿದ್ದ ಕೋಕಿಂಗ್ ಕಲ್ಲಿದ್ದಲು 2016ರ ಹೊತ್ತಿಗೆ 80ರ ಆಸುಪಾಸಿಗೆ ಬಿದ್ದಿತ್ತು. ಅಗ್ಗಕ್ಕೆ ಕೊಂಡೆವೆಂದು ಬೀಗಿದ್ದ ನಮ್ಮ ಐಸಿವಿಎಲ್ ಕೂಡ 2015ರ ಕೊನೆಗೆ ತಾನು ಕೊಂಡಿದ್ದ ಬೆಂಗಾ ಗಣಿಯ ಕೆಲಸ ನಿಲ್ಲಿಸಿ, ಬೆಲೆ ಚೇತರಿಸಿಕೊಂಡ ಮೇಲಷ್ಟೇ ಮತ್ತೆ ಶುರುಮಾಡಿತು.

ವಾಲೆಯ ಜೊತೆ ಪಾಲು ಹಾಕಿದ್ದ ಜಪಾನಿನ ಮಿತ್ಸುಯಿ 2021ರಲ್ಲಿ ಗಣಿಯ ಪಾಲನ್ನು ಒಂದು ಡಾಲರಿಗೂ, ರೈಲು–ಬಂದರಿನ ಪಾಲನ್ನು ಇನ್ನೊಂದು ಡಾಲರಿಗೂ ವಾಲೆಗೇ ಬಿಟ್ಟುಕೊಡಲು ಒಪ್ಪಿತು. 2022ರ ಏಪ್ರಿಲ್‌ನಲ್ಲಿ ವಾಲೆ ಗಣಿ, ಹಳಿ, ಬಂದರು ಎಲ್ಲವನ್ನೂ ಒಟ್ಟಿಗೆ ಜಿಂದಾಲ್ ಬಳಗದ ವಲ್ಕನ್‌ಗೆ 27 ಕೋಟಿ ಡಾಲರಿಗೆ ಮಾರಿತು. ಹಳಿಗೂ ದಕ್ಕೆಗೂ ಸುರಿದಿದ್ದೇ ಅದರ ಹದಿನಾರು ಪಟ್ಟು. ವಿಪರ್ಯಾಸ ನೋಡಿ, ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಉಕ್ರೇನ್ ಯುದ್ಧದಿಂದ ಕೋಕಿಂಗ್ ಕಲ್ಲಿದ್ದಲಿನ ಬೆಲೆ ಟನ್ನಿಗೆ 600 ಡಾಲರ್ ದಾಟಿತ್ತು. ಮೊದಲು ಕಟ್ಟಿದವನು ಮುಳುಗುವುದು, ಮೂರನೆಯವನು ಅಗ್ಗಕ್ಕೆ ಕೊಂಡು ಲಾಭ ಮಾಡುವುದು ರೈಲ್ವೆಯ ಇತಿಹಾಸದಲ್ಲಿ ಹೊಸದೇನಲ್ಲ.

ಕಂಪನಿಗಳ ನಷ್ಟಕ್ಕೆ ಇಷ್ಟು ಕಣ್ಣೀರು ಸಾಕು. ಗಣಿಗಾಗಿ ಮೊವಾಟಿಜೆಯಿಂದ 1,365 ಕುಟುಂಬಗಳನ್ನು ವಾಲೆ 2009–10ರಲ್ಲಿ ಎಬ್ಬಿಸಿತು. ಬೇಸಾಯದ ಕುಟುಂಬಗಳನ್ನು ಕಳಿಸಿದ್ದು ಸುಮಾರು 40 ಕಿಲೋಮೀಟರ್ ದೂರದ ಕಾಟೆಮೆಗೆ. ಮೊದಲು ನದಿ ಹತ್ತಿರವಿತ್ತು, ಸಂತೆ ಹತ್ತಿರವಿತ್ತು, ಸೌದೆಯನ್ನೋ ತರಕಾರಿಯನ್ನೋ ಮಾರಿ ನಾಲ್ಕು ಕಾಸು ಕಾಣಬಹುದಿತ್ತು. ಕಾಟೆಮೆಯಲ್ಲಿ ಸಿಕ್ಕಿದ್ದು ಕಲ್ಲುನೆಲ, ಸಾಲದ ನೀರು, ಮಳೆ ಬಂದರೆ ಸೋರುವ, ಗೋಡೆ ಬಿರುಕು ಬಿಟ್ಟ ಹೊಸ ಮನೆಗಳು. ಅರ್ಜಿ ಕೊಟ್ಟರು, ಯಾರೂ ಕೇಳಲಿಲ್ಲ. 2012ರ ಜನವರಿ 10ರಂದು ನೂರಾರು ಜನ ಹೋಗಿ ರೈಲುಹಳಿಯ ಮೇಲೆ ಅಡ್ಡಗಟ್ಟಿದರು. ಕಲ್ಲಿದ್ದಲು ಗಾಡಿ ನಿಂತಿತು. ಪೊಲೀಸರು ಬಂದು ಹೊಡೆದರು, ಹಿಡಿದರು. ಆದರೆ ಅದಾದ ಮೇಲೆಯೇ ಕಂಪನಿಯೂ ಸರ್ಕಾರವೂ ಮನೆ ರಿಪೇರಿಯ ಮಾತಾಡಿದ್ದು, ಜಗತ್ತಿನ ಪತ್ರಿಕೆಗಳು ಕಾಟೆಮೆ ಎಂಬ ಹೆಸರು ಬರೆದದ್ದು. ಅವರು ಗಣಿಯ ಗೇಟಿಗೆ ಹೋಗಲಿಲ್ಲ, ರಾಜಧಾನಿಗೆ ಹೋಗಲಿಲ್ಲ. ಬಂಡುಕೋರರಿಗೆ ತಿಳಿದದ್ದೇ ಅವರಿಗೂ ತಿಳಿದಿತ್ತು: ಈ ವ್ಯಾಪಾರದ ಕತ್ತು ಇರುವುದು ಹಳಿಯಲ್ಲಿ.

ಪಕ್ಕದ ದಕ್ಷಿಣ ಆಫ್ರಿಕಾದಲ್ಲಿ ಕಥೆ ತಿರುಗುಮುರುಗು. ಅಲ್ಲಿನ ಒಳನಾಡಿನ ಗಣಿಗಳಿಂದ ರಿಚರ್ಡ್ಸ್ ಬೇ ಬಂದರಿಗೆ ಹೆಚ್ಚುಕಡಿಮೆ ಸೇನಾ ಮಾರ್ಗದಷ್ಟೇ ದೂರ. 1976ರಲ್ಲಿ ಸರ್ಕಾರ ಹಳಿ ಹಾಕಿತು, ಗಣಿ ಕಂಪನಿಗಳು ಸೇರಿ ದಕ್ಕೆ ಕಟ್ಟಿದವು. ಇಂದು ಆ ದಕ್ಕೆ ವರ್ಷಕ್ಕೆ 9.1 ಕೋಟಿ ಟನ್ ಸಾಗಿಸಬಲ್ಲದು. 2023ರಲ್ಲಿ ಸಾಗಿದ್ದು 4.7 ಕೋಟಿ ಟನ್ ಮಾತ್ರ. ಗಣಿಯಲ್ಲಿ ಕಲ್ಲಿದ್ದಲಿತ್ತು, ಬಂದರು ಖಾಲಿಯಿತ್ತು, ಗಿರಾಕಿ ಕಾದಿದ್ದ. ಸರ್ಕಾರಿ ರೈಲ್ವೆ ಟ್ರಾನ್ಸ್‌ನೆಟ್‌ನಲ್ಲಿ ಎಂಜಿನ್ನಿಗೆ ಬಿಡಿಭಾಗ ಇರಲಿಲ್ಲ, ತಾಮ್ರದ ವಿದ್ಯುತ್ ತಂತಿಯನ್ನು ಕಳ್ಳರು ಕತ್ತರಿಸಿ ಒಯ್ಯುತ್ತಿದ್ದರು. ಸರ್ಕಾರದ ಕೈಯಲ್ಲಿದ್ದ ಮಾತ್ರಕ್ಕೆ ಹಳಿ ಜನರ ಪಾಲಿಗೆ ಒಳ್ಳೆಯದು ಎಂದು ಹೇಳುವವರು ಇದನ್ನೂ ನೋಡಬೇಕು.

ಆದರೂ ನನ್ನ ಅಭಿಪ್ರಾಯ ಸೇನಾ ಮಾರ್ಗದ ಕಡೆಗೇ. ನಕಾಲಾ ಮಾರ್ಗ ಗಟ್ಟಿ, ವೇಗ, ಅಚ್ಚುಕಟ್ಟು. ಆದರೆ ಅದನ್ನು ಕಟ್ಟಿದ್ದು ಒಂದು ಗಣಿಯ ಅಳತೆಗೆ. ಬೇರೆ ಸರಕೂ ಅದರಲ್ಲಿ ಹೋಗುತ್ತದೆ, ಪ್ರಯಾಣಿಕರೂ ಹೋಗುತ್ತಾರೆ, ಮಲಾವಿಗೂ ಒಂದಿಷ್ಟು ಸಿಗುತ್ತದೆ. ಆದರೆ ಸಾಲ ತೀರುವುದು ಕಲ್ಲಿದ್ದಲಿನಿಂದ, ಆದ್ದರಿಂದ ಹೊತ್ತು ಗೊತ್ತು ಎಲ್ಲ ಕಲ್ಲಿದ್ದಲಿನದ್ದೇ. ಗಣಿ ಕೈಬದಲಾದಾಗ ಹಳಿಯೂ ಬಂದರೂ ಜೊತೆಗೇ ಕೈಬದಲಾದವು. ಸೇನಾ ಮಾರ್ಗ ನಿಧಾನ, ನೆರೆಗೆ ಕೊಚ್ಚಿಹೋಗುತ್ತದೆ, ಕೊನೆಗೆ ಹೂಳಿನ ಬಂದರಿಗೆ ಮುಟ್ಟುತ್ತದೆ. ಆದರೆ ಅದರಲ್ಲಿ ಒಂದಕ್ಕಿಂತ ಹೆಚ್ಚು ಗಣಿಯವರು ಬಾಡಿಗೆ ಕೊಟ್ಟು ಮಾಲು ಸಾಗಿಸಬಹುದು, ಬಾಡಿಗೆ ಎಷ್ಟೆಂದು ಹೇಳುವವನು ಆ ದೇಶದ ರೈಲ್ವೆಯವನು. ನೂರು ವರ್ಷಕ್ಕೆ ಆಗಬೇಕಾದ ಹಳಿಯನ್ನು ಮೂವತ್ತು ವರ್ಷದ ಗಣಿಯವನ ಕೈಗೆ ಕೊಡುವುದು ಬಡದೇಶಗಳು ಮತ್ತೆ ಮತ್ತೆ ಮಾಡುವ ಅವಸರ. ಥಾಯ್ಲೆಂಡಿನ ಕಂಪನಿಯೊಂದು ಮೊಜಾಂಬಿಕ್ ಕರಾವಳಿಯ ಮಕೂಸೆಯಲ್ಲಿ ಆಳದ ಬಂದರು ಕಟ್ಟಿ ಮೂರನೆಯ ಹಳಿ ಹಾಕುವ ಮಾತು ಹತ್ತು ವರ್ಷಕ್ಕೂ ಹಿಂದೆಯೇ ಎತ್ತಿತ್ತು. ಅದು ಕಾಗದದಿಂದ ಮೇಲೇಳಲಿಲ್ಲ.

ನಮಗೂ ಇದಕ್ಕೂ ಏನು ಸಂಬಂಧ ಎನ್ನುವಂತಿಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಅದಿರು ಸಂಡೂರಿನಲ್ಲೇ ಸಿಕ್ಕರೂ ಕೋಕಿಂಗ್ ಕಲ್ಲಿದ್ದಲು ಸಮುದ್ರ ದಾಟಿಯೇ ಬರಬೇಕು. ಅದರ ಒಂದು ಪಾಲು ಗೋವಾದ ಮೊರ್ಮುಗಾವ್ ಬಂದರಿನಲ್ಲಿ ಇಳಿದು, ಕುಳೆಂ, ಕ್ಯಾಸಲ್‌ರಾಕ್ ಘಾಟಿ ಹತ್ತಿ, ಹುಬ್ಬಳ್ಳಿ, ಹೊಸಪೇಟೆ ಹಾದು ಬರುತ್ತದೆ. ಪೋರ್ಚುಗೀಸರ ಕಾಲದಲ್ಲಿ 1752ರವರೆಗೆ ಮೊಜಾಂಬಿಕ್‌ನ ಆಡಳಿತ ನಡೆಯುತ್ತಿದ್ದದ್ದೂ ಗೋವಾದಿಂದಲೇ ಎನ್ನುವುದು ಇಲ್ಲಿ ನೆನಪಾಗುತ್ತದೆ. ಆ ಘಾಟಿಯ ಹಳಿಯನ್ನು ಜೋಡಿ ಮಾಡುವ ಯೋಜನೆ ಬಂದಾಗ, 2020ರ ನವೆಂಬರಿನಲ್ಲಿ ಗೋವಾದ ಚಾಂದೊರ್‌ನಲ್ಲಿ ಜನ ರಾತ್ರಿ ಹೊತ್ತು ಹಳಿಯ ಮೇಲೆ ಕೂತರು. ಕಲ್ಲಿದ್ದಲಿನ ದೂಳು ನಮಗೆ, ಉಕ್ಕು ಇನ್ನೊಬ್ಬರಿಗೆ ಎಂಬುದು ಅವರ ತಕರಾರು. 2022ರ ಮೇನಲ್ಲಿ ಸುಪ್ರೀಂ ಕೋರ್ಟು ತಿನೈಘಾಟ್–ಕುಳೆಂ ನಡುವಿನ ಜೋಡಿಮಾರ್ಗಕ್ಕೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಅನುಮೋದನೆಯನ್ನು ರದ್ದು ಮಾಡಿತು. ಹಳಿಯ ಆ ತುದಿಯಲ್ಲಿ ಕಾಟೆಮೆ ಕೇಳಿದ ಪ್ರಶ್ನೆಯನ್ನೇ ಈ ತುದಿಯಲ್ಲಿ ಚಾಂದೊರ್ ಬೇರೆ ಮಾತಿನಲ್ಲಿ ಕೇಳಿತು.

2024ರಲ್ಲಿ ತೋರಣಗಲ್ಲಿನ ಆ ಕಾರ್ಖಾನೆಯ ಜೆಎಸ್‌ಡಬ್ಲ್ಯು ಸ್ಟೀಲ್ ಮೊವಾಟಿಜೆ ಬಳಿಯ ಮಿನಾಸ್ ದೆ ರೆವುಬುವೆ ಎಂಬ ನಿಕ್ಷೇಪದ ಕಂಪನಿಯಲ್ಲಿ ಶೇಕಡಾ 92ರಷ್ಟು ಪಾಲನ್ನು ಸುಮಾರು 7.4 ಕೋಟಿ ಡಾಲರಿಗೆ ಕೊಳ್ಳುವ ಒಪ್ಪಂದ ಘೋಷಿಸಿತು. ಎಂಬತ್ತು ಕೋಟಿ ಟನ್ನಿಗೂ ಹೆಚ್ಚು ನಿಕ್ಷೇಪ ಎಂಬ ಅಂಕಿ ಎಲ್ಲ ಪತ್ರಿಕೆಗಳಲ್ಲೂ ಬಂತು. ಇಂಥ ಸುದ್ದಿ ಇನ್ನೂ ಬರುತ್ತವೆ. ಮೊಜಾಂಬಿಕ್‌ನಿಂದ ಬರಬಹುದು, ಬೇರೆ ದೇಶದಿಂದಲೂ ಬರಬಹುದು. ಟನ್ನಿನ ಅಂಕಿಯನ್ನು ದಾಟಿ ಓದಿ. ಹಳಿ ಯಾರದ್ದು, ಬಂದರಿನ ಆಳ ಎಷ್ಟು, ದಾರಿಯಲ್ಲಿ ಯಾರ ಊರಿದೆ ಎಂಬ ಮೂರು ವಿಷಯ ಆ ಸುದ್ದಿಯಲ್ಲಿ ಇಲ್ಲದಿದ್ದರೆ, ಕೊಂಡದ್ದು ಏನು ಎಂದು ಕೊಂಡವರಿಗೇ ಇನ್ನೂ ಗೊತ್ತಿಲ್ಲ ಎಂದುಕೊಳ್ಳಿ.